ಬಿಸಿಲು ನಮ್ಮಲ್ಲಿ ಅದ, ಲೇಪನ ಎಷ್ಟು ದಿನ ತಾಳ್ತದ?

ನೀರಿನಿಂದ ಹೈಡ್ರೋಜನ್ ತೆಗೆಯುವ ವಿಷಯ ಎತ್ತಿದಾಗ ಮಾನ್ವಿಯ ಕೇಳುಗರೊಬ್ಬರು ಕೇಳಿದ್ದು ಒಂದೇ: "ಕಾಲುವೆ ಕೊನೆ ಭಾಗಕ್ಕ ನೀರೇ ಬರಂಗಿಲ್ಲ, ಇದಕ್ಕ ಎಲ್ಲಿಂದ ತರ್ತೀರಿ?" ಸರಿಯಾದ ಪ್ರಶ್ನೆ. ಮೊದಲು ಆ ಲೆಕ್ಕ ನೋಡೋಣ.

ಒಂದು ಕೆಜಿ ಹೈಡ್ರೋಜನ್‌ಗೆ ಒಡೆಯಬೇಕಾದ ನೀರು 9 ಲೀಟರ್. ಮಾನ್ವಿ, ದೇವದುರ್ಗದ ಭತ್ತಕ್ಕೆ ಹಾಕುವ ಯೂರಿಯಾದ ಮೂಲವೂ ಹೈಡ್ರೋಜನ್ನೇ. ಅದರಿಂದ ಅಮೋನಿಯಾ, ಅಮೋನಿಯಾದಿಂದ ಯೂರಿಯಾ. ಇವತ್ತು ಅದನ್ನು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೀತಾರೆ. 45 ಕೆಜಿ ಚೀಲಕ್ಕೆ ಸುಮಾರು ನಾಲ್ಕೂವರೆ ಕೆಜಿ ಹೈಡ್ರೋಜನ್ ಬೇಕು, ಅಂದ್ರೆ 40 ಲೀಟರ್ ನೀರು. ಮೂರು ಕೊಡ ಅನ್ನಿ. ಆದ್ರೆ ಶುದ್ಧ ನೀರೇ ಆಗಬೇಕು, ಫ್ಲೋರೈಡ್ ಇರೋ ನಮ್ಮ ಬೋರ್‌ವೆಲ್ ನೀರನ್ನು ಹಾಗೇ ಸುರಿಯೋ ಹಾಗಿಲ್ಲ.

ಹಾಗಾದ್ರೆ ಅಡ್ಡಿ ಎಲ್ಲಿ? ಸಿಲಿಕಾನ್‌ನಲ್ಲಿ. ಸೋಲಾರ್ ಪ್ಯಾನೆಲ್‌ನಲ್ಲಿರುವ ಅದೇ ಸಿಲಿಕಾನ್ ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ಆದ್ರೆ ನೀರಲ್ಲಿ ಮುಳುಗಿಸಿ ಕೆಲಸಕ್ಕೆ ಹಚ್ಚಿದರೆ ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಮೇಲೆ ಆಕ್ಸೈಡ್ ಕಟ್ಟಿ ಕರೆಂಟ್ ನಿಲ್ಲುತ್ತದೆ. ಕ್ಷಾರದ ನೀರಾದರೆ ಕರಗಲೂ ಶುರು. ಅದಕ್ಕೇ ಲೇಪನ.

2025ರಲ್ಲಿ ಬೆಂಗಳೂರಿನ ನ್ಯಾನೋ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರದ ಡಾ. ಅಶುತೋಷ್ ಕೆ. ಸಿಂಗ್ ಅವರ ತಂಡ ಮಾಡಿದ್ದು ಇದನ್ನೇ. ಸಿಲಿಕಾನ್‌ನ ಒಂದು ಕಡೆ ಟೈಟಾನಿಯಂ ಡೈಆಕ್ಸೈಡ್, ಇನ್ನೊಂದು ಕಡೆ ನಿಕಲ್ ಆಕ್ಸೈಡ್, ತೆಳ್ಳಗೆ. ಬೆಳಕು ಬಿದ್ದಾಗ ಹುಟ್ಟುವ ಎಲೆಕ್ಟ್ರಾನ್‌ಗಳು ಒಂದು ದಾರಿ ಹಿಡಿದರೆ ಅವು ಬಿಟ್ಟ ಖಾಲಿ ಜಾಗಗಳು ಇನ್ನೊಂದು ದಾರಿ. ಸಿಲಿಕಾನ್ ಕಡೆ ಆಮ್ಲಜನಕ, ಎದುರಿನ ಎಲೆಕ್ಟ್ರೋಡ್‌ನಲ್ಲಿ ಹೈಡ್ರೋಜನ್.

ಅವರಿಗೆ ಸಿಕ್ಕಿದ್ದು 600 ಮಿಲಿವೋಲ್ಟ್. ನೀರು ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು, ಹಾಗಾಗಿ ಉಳಿದದ್ದನ್ನು ಹೊರಗಿಂದ ಕೊಡಬೇಕು. 25 ಚದರ ಸೆಂಟಿಮೀಟರಿನ ತುಂಡಿನ ಮೇಲೂ ಇದು ನಡೆದಿದೆ. ನಮ್ಮ ಜೋಳದ ರೊಟ್ಟಿಯ ಒಂದು ತುತ್ತಿನಷ್ಟು!

ಕಾಮರ್ಸ್ ಓದಿದ ನನ್ನ ಕಣ್ಣು ಹೋಗಿದ್ದು ಸವಕಳಿ ಮೇಲೆ. 10 ಗಂಟೆಗೂ ಹೆಚ್ಚು ಹೊತ್ತು ನಡೆಸಿದಾಗ ಸಾಮರ್ಥ್ಯ ಇಳಿದದ್ದು ಶೇ. 4 ಮಾತ್ರ. ಪ್ರಯೋಗಾಲಯದಲ್ಲಿ ಇದು ಒಳ್ಳೇ ಫಲಿತಾಂಶ. ಆದ್ರೆ 10 ಗಂಟೆ ಅಂದ್ರೆ ರಾಯಚೂರಿನ ಬೇಸಿಗೆಯ ಒಂದೇ ಹಗಲು. ಇಳಿಕೆ ಇದೇ ದರದಲ್ಲಿ ಮುಂದುವರಿದರೆ 10 ಹಗಲಿಗೆ ಮೂರನೇ ಒಂದು ಭಾಗ ಹೋಯ್ತು.

ಹಂಗಾಗಿ ಮಾನ್ವಿಯಲ್ಲಿ ಯಾರಾದ್ರೂ ಇವತ್ತೇ ಬಿಸಿಲಿನಿಂದ ಹೈಡ್ರೋಜನ್ ತೆಗೀಬೇಕಂದ್ರೆ ಪ್ಯಾನೆಲ್ ಒಂದು ಕಡೆ, ನೀರು ಒಡೆಯೋ ಯಂತ್ರ ಇನ್ನೊಂದು ಕಡೆ ಇಡೋದೇ ದಾರಿ. ಖರ್ಚು ಎರಡು ಕಡೆ. ಆದ್ರೆ ಪ್ಯಾನೆಲ್‌ಗೆ 25 ವರ್ಷ ವಾರಂಟಿ ಸಿಗ್ತದ ನೋಡ್ರಿ, ಅದು ನೀರಲ್ಲಿ ಮುಳುಗಿರಂಗಿಲ್ಲ.