ಹುಲಿ, ಕುರಿ, ನಡುವೆ ಒಬ್ಬ ವೀರ

ಐದಾರು ವರ್ಷದ ಮಗು ಇರುವ ಮನೆಯಲ್ಲಿ ಟವೆಲನ್ನು ಬೆನ್ನಿಗೆ ಕಟ್ಟಿಕೊಂಡು ಮಂಚದಿಂದ ಹಾರುವ ಶೂರನೊಬ್ಬ ಇದ್ದೇ ಇರುತ್ತಾನೆ. 1997ರಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಶುರುವಾದಾಗ ಅವನು ಗಿರಗಿರನೆ ತಿರುಗುತ್ತಿದ್ದ. 2008ರ ನಂತರ ಛೋಟಾ ಭೀಮನಾಗಿ ಲಡ್ಡು ಕೇಳತೊಡಗಿದ. ಹೆಸರು ಬದಲಾದರೂ ಬೇಡಿಕೆ ಒಂದೇ: “ಅಪ್ಪಾ, ಬಾ, ಯುದ್ಧ ಮಾಡೋಣ!” ಹೊಸೂರಿನ ಸಿಪ್‌ಕಾಟ್‌ನಲ್ಲಿ ಪಾಳಿ ಮುಗಿಸಿ ಬಂದ ಅಪ್ಪನಿಗೂ, ಹೂವಿನ ತೋಟದಲ್ಲಿ ಬೆನ್ನು ಬಗ್ಗಿಸಿ ಬಂದ ಅಮ್ಮನಿಗೂ ನೆಗೆದಾಡುವ ಯುದ್ಧಕ್ಕೆ ತ್ರಾಣ ಎಲ್ಲಿಂದ ಬರಬೇಕು?

ಕುಳಿತಲ್ಲೇ ಆಡುವ ಯುದ್ಧವೊಂದು ನಮ್ಮ ಬಳಿಯೇ ಇದೆ. ಅದೇ ಹುಲಿ ಕುರಿ ಆಟ. ತಮಿಳಿನವರು ಆಡು ಪುಲಿ ಆಟ್ಟಂ ಎನ್ನುತ್ತಾರೆ, ತೆಲುಗಿನವರು ಪುಲಿ ಮೇಕ ಎನ್ನುತ್ತಾರೆ. ಹಳೆಯ ಗುಡಿಗಳ ಕಲ್ಲು ಹಾಸಿನ ಮೇಲೆ, ಬಂಡೆಗಳ ಮೇಲೆ ಇದರ ಗೆರೆಗಳನ್ನು ಕೊರೆದಿರುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ದುಡ್ಡು ಕೊಟ್ಟು ತರಬೇಕಾದ್ದು ಏನೂ ಇಲ್ಲ. ಸೀಮೆಸುಣ್ಣ, 15 ಹುಣಸೆ ಬೀಜ, 3 ಬೆಣಚುಕಲ್ಲು ಇದ್ದರೆ ಸಾಕು.

ಈಗ ನೆಲದ ಮೇಲೆ ಬರೆದುಕೊಳ್ಳಿ. ಮೇಲೆ ಒಂದು ಚುಕ್ಕಿ. ಅದರಿಂದ ಕೆಳಕ್ಕೆ, ಬೀಸಣಿಗೆಯ ಕಡ್ಡಿಗಳಂತೆ ಅಗಲವಾಗುತ್ತಾ ಹೋಗುವ 4 ಗೆರೆ. ಕೆಳಗಿನ 4 ತುದಿಗಳನ್ನು ಒಂದು ಅಡ್ಡಗೆರೆಯಿಂದ ಸೇರಿಸಿ. ಈಗ ನಡುವೆ ಇನ್ನೂ 3 ಅಡ್ಡಗೆರೆ ಎಳೆಯಿರಿ. ಇವು ಎರಡೂ ಪಕ್ಕಗಳಲ್ಲಿ ಸ್ವಲ್ಪ ಹೊರಕ್ಕೆ ಚಾಚಿಕೊಂಡಿರಲಿ. ಎಡಗಡೆಯ 3 ತುದಿಗಳನ್ನು ಒಂದು ನೇರ ಗೆರೆಯಿಂದ, ಬಲಗಡೆಯ 3 ತುದಿಗಳನ್ನು ಇನ್ನೊಂದರಿಂದ ಕೂಡಿಸಿದರೆ ಮನೆ ಸಿದ್ಧ. ಗೆರೆಗಳು ಸೇರುವ ಜಾಗಗಳನ್ನು ಮಗುವಿನ ಕೈಯಲ್ಲೇ ಎಣಿಸಿಸಿ. ಮೇಲೆ 1, ನಡುವೆ ಆರಾರರಂತೆ 18, ಕೆಳಗೆ 4, ಒಟ್ಟು 23 ಬರಬೇಕು.

ಹುಲಿಗಳು ಸಾಮಾನ್ಯವಾಗಿ ತುದಿಯ ಚುಕ್ಕಿಯಲ್ಲಿ ಒಂದು, ಅದರ ಕೆಳಗಿನ ಸಾಲಿನ ನಡುವೆ ಎರಡು ಕೂರುತ್ತವೆ. ಕುರಿಯವರು ಒಂದೊಂದೇ ಕುರಿಯನ್ನು ಖಾಲಿ ಜಾಗದಲ್ಲಿ ಇಡುತ್ತಾ ಬರುತ್ತಾರೆ. ಪ್ರತಿ ಸಲಕ್ಕೂ ಒಂದು ಹುಲಿ ಒಂದು ಹೆಜ್ಜೆ ನಡೆಯುತ್ತದೆ. ಪಕ್ಕದಲ್ಲಿ ಕುರಿ ಇದ್ದು, ಅದರ ಹಿಂದೆ ಅದೇ ಗೆರೆಯ ಮೇಲೆ ಜಾಗ ಖಾಲಿ ಇದ್ದರೆ ಹುಲಿ ಅದನ್ನು ಹಾರಿ ತಿನ್ನುತ್ತದೆ. ಎರಡು ಕುರಿ ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ಹಾರುವಂತಿಲ್ಲ. 15 ಕುರಿಗಳೂ ಇಳಿದ ಮೇಲೆಯೇ ಕುರಿ ನಡೆಯಬಹುದು. ಹುಲಿಗಳೆಲ್ಲ ಅಲ್ಲಾಡದಂತಾದರೆ ಕುರಿಯವರ ಗೆಲುವು. ಎಷ್ಟು ಕುರಿ ತಿಂದರೆ ಹುಲಿ ಗೆದ್ದಂತೆ ಎಂಬುದು ಊರಿಗೊಂದು ಲೆಕ್ಕ. ಚಿಕ್ಕವರ ಜೊತೆ 5 ಎಂದು ಇಟ್ಟುಕೊಳ್ಳಿ, ಆಟ ಬೇಗ ಮುಗಿಯುತ್ತದೆ.

ಮಗು ಮೊದಲು ಕೇಳುವುದು ಹುಲಿಯನ್ನೇ. ಕೊಡಿ. ಹಾರುವುದು, ತಿನ್ನುವುದು ಬೇಗ ಅರ್ಥವಾಗುತ್ತದೆ. ಎರಡನೆಯ ದಿನವೇ “ನನ್ನ ಹುಲಿಗೆ ಬೆಂಕಿ ಉಗುಳೋಕೆ ಬರುತ್ತೆ” ಎಂಬ ಮಾತು ಬರುತ್ತದೆ. ಅದಕ್ಕೂ ಒಪ್ಪಿಕೊಳ್ಳಿ, ಎರಡು ಕರಾರಿನ ಮೇಲೆ. ಶಕ್ತಿ ಏನೆಂದು ಆಟ ಶುರುವಾಗುವ ಮುಂಚೆ ಹೇಳಬೇಕು. ಒಂದು ಕಡೆಗೆ ಸಿಕ್ಕರೆ ಇನ್ನೊಂದು ಕಡೆಗೂ ಒಂದು ಸಿಗಬೇಕು. ಹುಲಿಯ ಪಕ್ಷಕ್ಕೆ ಒಂದು ಅವರೆಕಾಳು ಕೊಟ್ಟುಬಿಡಿ. ಆ ಕಾಳನ್ನು ಹಿಂತಿರುಗಿಸಿದರೆ ಒಂದೇ ಒಂದು ಸಲ, ಹನುಮಂತನ ಹಾಗೆ, ಯಾವ ಖಾಲಿ ಜಾಗಕ್ಕಾದರೂ ಹಾರಬಹುದು. ಇಡೀ ಆಟಕ್ಕೆ ಒಂದೇ ಸಲ ಎಂದರೆ ಮಗು ಆ ಕಾಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಈಗ ಬಳಸಲೇ, ಆಮೇಲೆ ಬಳಸಲೇ ಎಂದು ಯೋಚಿಸುವುದನ್ನು ನೋಡಬೇಕು!

ಕುರಿಗಳ ಕಡೆಗೆ ಏನು ಕೊಡುವುದು? ನನ್ನ ಮಟ್ಟಿಗೆ ಇದೇ ಆಟದ ಸೊಗಸಾದ ಭಾಗ. ಕೃಷ್ಣಗಿರಿ ಸೀಮೆಯ ತುಂಬ ವೀರಗಲ್ಲುಗಳಿವೆ. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ಇಟ್ಟಿದ್ದಾರೆ. ವೀರಗಲ್ಲುಗಳಲ್ಲಿ ದನ ಕಾಯಲು ಹೋಗಿ ಸತ್ತವನಿದ್ದಾನೆ, ಮೇಲೆ ಬಿದ್ದ ಹುಲಿಗೆ ಬಾಕು ಚುಚ್ಚುತ್ತಿರುವವನೂ ಇದ್ದಾನೆ. ಅವನಿಗೆ ಹಾರಲು ಬರುತ್ತಿರಲಿಲ್ಲ, ಬೆಂಕಿ ಉಗುಳಲೂ ಬರುತ್ತಿರಲಿಲ್ಲ. ಹಟ್ಟಿಗೂ ಹುಲಿಗೂ ನಡುವೆ ನಿಂತ, ಅಷ್ಟೇ. ಒಂದು ಹುಣಸೆ ಬೀಜದ ಬದಲು ಒಂದು ಗುಂಡಿಯನ್ನಿಟ್ಟು ಅವನನ್ನು ಆಟಕ್ಕೆ ಕರೆತನ್ನಿ. ಅವನು ಕುರಿಯ ಹಾಗೆಯೇ ನಡೆಯುತ್ತಾನೆ, ಆದರೆ ಅವನ ಮೇಲೆ ಹುಲಿ ಹಾರುವಂತಿಲ್ಲ. ಈ ವೀರ ಬಂದ ಮೇಲೆ, ಹುಲಿಯೇ ಬೇಕೆಂದು ಹಟ ಮಾಡುತ್ತಿದ್ದ ಮಕ್ಕಳೂ ಕುರಿಯ ಕಡೆಗೆ ಬಂದು ಕೂರುವುದುಂಟು. ಡೆಂಕಣಿಕೋಟೆ, ತಳಿ ಕಡೆಯ ಮಕ್ಕಳಿಗೆ ಹುಲಿಗಿಂತ ರಾಗಿ ಹೊಲಕ್ಕೆ ನುಗ್ಗುವ ಆನೆಯೇ ಹೆಚ್ಚು ಪರಿಚಯ. ಅವರು ಬೆಣಚುಕಲ್ಲನ್ನು ಆನೆ ಎಂದರೂ ಆಟಕ್ಕೇನೂ ಕೆಡುಕಿಲ್ಲ.

ಕುರಿಯ ಕಡೆ ಆಡಲು ತಾಳ್ಮೆ ಬೇಕು. ಮಗುವಿಗೆ ಮೊದಲು ಮೂಲೆಗಳನ್ನು ತೋರಿಸಿ. ಮೂಲೆಯ ಕುರಿಯ ಹಿಂದೆ ಹುಲಿ ಇಳಿಯಲು ಜಾಗವೇ ಇಲ್ಲ, ಆದ್ದರಿಂದ ಅದು ಬದುಕುತ್ತದೆ. ಅದೇ ಮೂಲೆ ಹುಲಿಗೆ ಬಲೆ. ಪಕ್ಕಕ್ಕೆ ಚಾಚಿದ ಗೆರೆಗಳ ಮೇಲಿನ ಮೂಲೆಗೆ ಹುಲಿ ಬಂದು ಕೂತರೆ 4 ಕುರಿ ಸಾಕು. ಅದರ ಪಕ್ಕದ ಎರಡು ಜಾಗಗಳಲ್ಲಿ ಎರಡು, ಅವುಗಳ ಬೆನ್ನಿಗೆ ಎರಡು. ಇದೊಂದನ್ನು ಕಂಡುಕೊಂಡ ದಿನ ಮಗು ಮನೆಮಂದಿಯನ್ನೆಲ್ಲ ಕರೆದು ತೋರಿಸುತ್ತದೆ.

ಸೋತಾಗ ಅಳುವುದೂ ಇದೆ. ಕೆಲವರು ಅಳು ತಪ್ಪಿಸಲು ಬೇಕೆಂದೇ ಸೋಲುತ್ತಾರೆ. ಮಕ್ಕಳು ಇದನ್ನು ನಾವು ಎಣಿಸುವುದಕ್ಕಿಂತ ಬೇಗ ಪತ್ತೆ ಮಾಡುತ್ತವೆ, ಆಮೇಲೆ ನಿಜವಾಗಿ ಗೆದ್ದ ದಿನವೂ ನಂಬುವುದಿಲ್ಲ. ಇದಕ್ಕಿಂತ ಬಲವನ್ನು ಬಹಿರಂಗವಾಗಿಯೇ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು. “ನೀನು ಚಿಕ್ಕವನು, ಅದಕ್ಕೇ ನನಗೆ ಇವತ್ತು ಒಂದೇ ಹುಲಿ” ಎಂದು ಹೇಳಿ, ಮನಸಾರೆ ಆಡಿ. ಅವನು ಗೆಲ್ಲತೊಡಗಿದರೆ ಎರಡು ಹುಲಿ, ಆಮೇಲೆ ಮೂರು. ಮೂರನೆಯ ಹುಲಿ ತನ್ನ ಎದುರಿಗೆ ಬಂತೆಂಬುದೇ ಅವನಿಗೆ ಒಂದು ಪದವಿ.

ನೇಪಾಳದಲ್ಲಿ ಇದರ ಸೋದರ ಆಟ ಬಾಗ್‌ಚಾಲ್. ಅಲ್ಲಿ 25 ಜಾಗ, 4 ಹುಲಿ, 20 ಆಡು. ಎರಡೂ ಕಡೆಯವರು ಒಂದೂ ತಪ್ಪು ಮಾಡದೆ ಆಡಿದರೆ ಅದು ಸಮವಾಗಿ ಮುಗಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ನಮ್ಮ ಜಗಲಿಯ ಮೇಲೆ ಹಾಗೆ ಯಾರೂ ಆಡುವುದಿಲ್ಲ, ಬಿಡಿ.

ಇನ್ನೊಂದು ಮಾತು. 2006ರ ಕಾಯಿದೆಯ ನಂತರ ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯುತ್ತಾರೆ, ಇಂಗ್ಲಿಷ್ ಅಂತೂ ಇದ್ದೇ ಇದೆ. ಎರಡೂ ಬೇಕಾದವೇ. ಮನೆಯಲ್ಲಿ ಕನ್ನಡ “ಊಟ ಮಾಡು, ಮಲಗು” ಎಂಬಲ್ಲಿಗೆ ನಿಂತುಬಿಡುತ್ತದೆ. ಆದರೆ ಆಟದ ಮನೆಯ ಮುಂದೆ ಕೂತ ಮಗು ತಾತನ ಜೊತೆ ಜಗಳವಾಡಬೇಕು: “ಅದರ ಹಿಂದೆ ಜಾಗ ಇಲ್ಲ ತಾತಾ, ಹಾರೋ ಹಾಗಿಲ್ಲ, ನೀನು ಮೋಸ ಮಾಡ್ತಿದ್ದೀಯ!” ಹಿಂದೆ, ಮುಂದೆ, ಪಕ್ಕ, ಇದ್ದರೆ, ಇಲ್ಲದಿದ್ದರೆ, ಇವೆಲ್ಲ ಅಲ್ಲಿ ತಾವಾಗಿ ನಾಲಿಗೆಗೆ ಬರುತ್ತವೆ. ತಾತ ಬೇಕೆಂದೇ ಒಂದೆರಡು ಸಲ ತಪ್ಪಾಗಿ ಹಾರಿ ನೋಡಲಿ.