ಕೆಲಸಕ್ಕೂ ‘ನಾಳೆ ಬಾ’ ಬೋರ್ಡು!

1990ರ ದಶಕದಲ್ಲಿ ನಮ್ಮ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಂತೆ. ರಾತ್ರಿ ಬರೋ ದೆವ್ವ ಅದನ್ನ ಓದಿಕೊಂಡು ವಾಪಸ್ ಹೋಗಲಿ ಅಂತ! ನಾವು ಅದೇ ಬೋರ್ಡನ್ನ ಕೆಲಸಕ್ಕೆ ತೋರಿಸ್ತೀವಿ. ದೆವ್ವ ಹೋಗಬಹುದು, ಪ್ರಾಜೆಕ್ಟ್ ರಿಪೋರ್ಟ್ ಹೋಗಲ್ಲ.

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ನಾಲ್ವರ ತಂಡದಲ್ಲಿ ಆಗಿದ್ದೂ ಇದೇ. ಒಂದು ಅಧ್ಯಾಯ ಬರೆಯಬೇಕಿದ್ದ ಗೆಳೆಯ, “ನಾನು ಪರ್ಫೆಕ್ಷನಿಸ್ಟ್ ಕಣ್ರೋ, ಅರ್ಧಂಬರ್ಧ ಕೊಡಲ್ಲ” ಅಂತಲೇ ಮೂರು ವಾರ ಕಳೆದ. ನಾವು ಅವನನ್ನ ಸೋಮಾರಿ ಅಂದೆವು. ಸಬ್ಮಿಷನ್ ಹಿಂದಿನ ರಾತ್ರಿ ಜಗಳ, ಆಮೇಲೆ ಒಂದು ತಿಂಗಳು ಮಾತಿಲ್ಲ. ಈ ಬಗ್ಗೆ ಓದಿದ ಮೇಲೆ ಗೊತ್ತಾಯ್ತು: ಅವನು ಹೇಳಿದ್ದೂ ಸರಿಯಿಲ್ಲ, ನಾವು ಅಂದಿದ್ದೂ ಸರಿಯಿಲ್ಲ.

ಸೋಮಾರಿಗೆ ಕೆಲಸ ಮಾಡುವ ಮನಸ್ಸೇ ಇರುವುದಿಲ್ಲ. ಮುಂದೂಡುವವನಿಗೆ ಮನಸ್ಸಿರುತ್ತದೆ, ತಡವಾದರೆ ನಷ್ಟ ಅಂತಲೂ ಗೊತ್ತು, ಆದರೂ ಮುಂದೂಡುತ್ತಾನೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಪಿಯರ್ಸ್ ಸ್ಟೀಲ್ ಎಂಬ ಸಂಶೋಧಕರು, ಅದುವರೆಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಯಾವ ಸ್ವಭಾವಕ್ಕೂ ಮುಂದೂಡುವ ಚಾಳಿಗೂ ಎಷ್ಟು ನಂಟು ಅನ್ನೋದು ಅದರಲ್ಲಿದೆ. ಕೋರಿಲೇಷನ್ ನಮಗೆ ಹೊಸದೇನಲ್ಲವಲ್ಲ, ನೋಡಿ:

ಶಿಸ್ತು, ಕರ್ತವ್ಯಪ್ರಜ್ಞೆ: ಸುಮಾರು -0.62. ಇದು ಹೆಚ್ಚಿದ್ದಷ್ಟೂ ಮುಂದೂಡುವುದು ಕಡಿಮೆ.
ಮನಸ್ಸು ಕಂಡ ಕಡೆ ಹಾರುವ ದುಡುಕು ಸ್ವಭಾವ: ಸುಮಾರು 0.41.
ಆತಂಕದ ಸ್ವಭಾವ: ಸುಮಾರು 0.24, ಅಂದರೆ ನಂಟು ಕಡಿಮೆಯೇ.
ಪರ್ಫೆಕ್ಷನಿಸಂ: ಹೆಚ್ಚುಕಡಿಮೆ ಸೊನ್ನೆ!

ಕೋರಿಲೇಷನ್ ಇದ್ದ ಮಾತ್ರಕ್ಕೆ ಕಾರಣವೂ ಅದೇ ಎನ್ನುವಂತಿಲ್ಲ, ನಿಜ. ಆದರೂ ನಮ್ಮೆಲ್ಲರ ನೆಚ್ಚಿನ ನೆಪವೊಂದು ಇಲ್ಲಿ ಬಿದ್ದುಹೋಯಿತು.

ದುಡುಕಿನ ಮನಸ್ಸಿಗೆ ಮೂರು ವಾರ ಆಚೆ ಇರುವ ಮಾರ್ಕ್ಸ್ ಸಣ್ಣದಾಗಿ ಕಾಣುತ್ತೆ, ಕೈಯಲ್ಲಿರುವ ರೀಲ್ಸ್ ದೊಡ್ಡದಾಗಿ ಕಾಣುತ್ತೆ. ಡೆಡ್‌ಲೈನ್ ಹತ್ತಿರ ಬಂದಾಗಲೇ ಲೆಕ್ಕ ತಿರುಗೋದು. ನಾಳೆ ಕೆಲಸಕ್ಕೆ ಸೇರಿದ ಮೇಲೂ ಇದೇ ಮನಸ್ಸು ನಮ್ಮ ಜೊತೆ ಬರುತ್ತೆ, ಇಂಟರ್ನಲ್ಸ್ ಇಟ್ಟು ಎಬ್ಬಿಸೋ ಮೇಷ್ಟ್ರು ಮಾತ್ರ ಅಲ್ಲಿರಲ್ಲ.

ಸ್ವಭಾವವನ್ನ ಒಂದೇ ದಿನಕ್ಕೆ ಬದಲಾಯಿಸೋಕೆ ಆಗಲ್ಲ. ಆದರೆ ಡೆಡ್‌ಲೈನನ್ನ ಹತ್ತಿರಕ್ಕೆ ಎಳೆದುಕೊಳ್ಳಬಹುದು, ಫೋನನ್ನ ಬೇರೆ ರೂಮಲ್ಲಿ ಇಡಬಹುದು, ದೊಡ್ಡ ಕೆಲಸವನ್ನ ತುಂಡು ಮಾಡಬಹುದು.

ಈ ಸೆಮಿಸ್ಟರ್ ನಾವು ಅದೇ ನಾಲ್ವರು. ಒಂದೇ ನಿಯಮ: ಪ್ರತಿ ಶುಕ್ರವಾರ ಎರಡು ಪುಟ, ಕೆಟ್ಟದಾಗಿದ್ದರೂ ಪರವಾಗಿಲ್ಲ. ಮೊದಲ ಶುಕ್ರವಾರ ರಾತ್ರಿ 11 ಗಂಟೆಗೆ ನಮ್ಮ ಗೆಳೆಯನ ಎರಡು ಪುಟ ಬಂತು. ತುಂಬಾ ಕಾಗುಣಿತ ತಪ್ಪಿತ್ತು. ಯಾರೂ ಬೈಯಲಿಲ್ಲ, ಕೂತು ತಿದ್ದಿದೆವು.