ಗೋ-ಕಾರ್ಟ್ ಎಂಜಿನ್‌ಗೆ ಸರಿಯಾದ ಕ್ರ್ಯಾಂಕ್ ಯಾವುದು? ಅಂಗಡಿಗೆ ಹೋಗೋ ಮುಂಚೆ ಅಳತೆ ತಗೊಳ್ಳಿ

ಈ ವಾರದ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇವೆ.

ಬೆಳಗಾವಿಯಿಂದ ಖಾನಾಪುರದ ಕಡೆಗೆ ಬಸ್ ಹತ್ತಿದವರಿಗೆ ಈ ರಸ್ತೆ ಗೊತ್ತಿರುತ್ತೆ. ಟಿಳಕವಾಡಿ ದಾಟಿದ ಮೇಲೆ ಉದ್ಯಮಬಾಗ್. ಎರಕದ ಕಾರ್ಖಾನೆಗಳು, ಲೇತ್ ಸದ್ದು, ಗ್ರೈಂಡಿಂಗ್ ಕಿಡಿ. ಅಲ್ಲೇ ಗೋಗಟೆ ಇಂಜಿನಿಯರಿಂಗ್ ಕಾಲೇಜು. ಮುಂದೆ ಮಚ್ಛೆ, ಅದರ ಹತ್ತಿರವೇ ವಿಟಿಯುನ ಜ್ಞಾನ ಸಂಗಮ. ಇನ್ನೂ ಮುಂದೆ ಹೋದರೆ ಭತ್ತದ ಗದ್ದೆ, ಹಳ್ಳದ ಬದಿಗೆ ಗಡಗಡ ಅನ್ನೋ ಪೆಟ್ರೋಲ್ ಪಂಪು. ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ ದಾರಿಯಲ್ಲಿ ಕಬ್ಬಿಣ ಕೊರೆಯೋರು, ಕಾರ್ಟ್ ಕಟ್ಟೋ ಹುಡುಗರು, ಪಂಪ್ ಓಡಿಸೋ ರೈತರು ಮೂವರೂ ಸಿಗ್ತಾರೆ. ಆ ಮೂವರಿಗೂ ಒಂದಲ್ಲ ಒಂದು ದಿನ ತಲೆನೋವು ಕೊಡೋ ಭಾಗದ ಬಗ್ಗೆ ಇವತ್ತು ಮಾತಾಡೋಣ. ಅದೇ ಕ್ರ್ಯಾಂಕ್ ಶಾಫ್ಟ್.

ಕಾಲಲ್ಲಿ ತುಳಿಯೋ ಹೊಲಿಗೆ ಮಷೀನ್ ನೋಡಿದ್ದೀರಲ್ಲ? ಪಾದ ಮೇಲೆ ಕೆಳಗೆ ಆಡುತ್ತೆ, ಚಕ್ರ ಗುಂಡಗೆ ತಿರುಗುತ್ತೆ. ಎಂಜಿನ್ ಒಳಗೆ ಪಿಸ್ಟನ್ನೇ ಆ ಪಾದ. ಅದರ ಮೇಲೆ-ಕೆಳಗಿನ ಆಟವನ್ನ ತಿರುಗಾಟ ಮಾಡೋದು ಕ್ರ್ಯಾಂಕ್. ಅದರ ಒಂದು ತುದಿಗೆ ಫ್ಲೈವೀಲ್, ಇನ್ನೊಂದು ತುದಿಗೆ ಕ್ಲಚ್ಚೋ ಪಂಪೋ, ನಡುವೆ ಸೊಟ್ಟಗೆ ಹೊರಗೆ ಚಾಚಿದ ಒಂದು ಪಿನ್. ಕನೆಕ್ಟಿಂಗ್ ರಾಡ್ ಹಿಡಿದುಕೊಳ್ಳೋದು ಆ ಪಿನ್ನನ್ನೇ.

ಹೊಸ ಕ್ರ್ಯಾಂಕ್ ಹುಡುಕೋಕೆ ಹೊರಡೋ ಮುಂಚೆ, ಹಳೇದು ನಿಜಕ್ಕೂ ಹೋಗಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ. ಎಂಜಿನ್ ಸ್ಟಾರ್ಟ್ ಆಗ್ತಿಲ್ಲ, ಹಗ್ಗ ಎಳೆದರೆ ಕೈಗೆ ಒದೀತಿದೆ ಅಂದ ತಕ್ಷಣ 'ಕ್ರ್ಯಾಂಕ್ ಹೋಯ್ತು' ಅಂತ ತೀರ್ಮಾನ ಮಾಡೋರು ಬಹಳ. ಎಷ್ಟೋ ಸಲ ಹೋಗಿರೋದು ಫ್ಲೈವೀಲ್ ಒಳಗಿನ ಪುಟ್ಟ ಕೀ ಮಾತ್ರ. ಅದು ಅರ್ಧ ತುಂಡಾದರೂ ಸ್ಪಾರ್ಕ್ ಬೀಳೋ ಹೊತ್ತು ತಪ್ಪುತ್ತೆ. ಫ್ಲೈವೀಲ್ ಬಿಚ್ಚಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಆಮೇಲೆ ಕ್ಲಚ್ ತೆಗೆದು, ಶಾಫ್ಟ್ ತುದಿಗೆ ಡಯಲ್ ಗೇಜ್ ಇಟ್ಟು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಮುಳ್ಳು ಅತ್ತಿಂದಿತ್ತ ಓಡಾಡಿದರೆ ಶಾಫ್ಟ್ ಬಗ್ಗಿದೆ. ಕಾರ್ಟ್ ಎಲ್ಲಾದರೂ ಗುದ್ದಿದಾಗ, ಚೈನ್ ಅತಿಯಾಗಿ ಬಿಗಿ ಮಾಡಿದಾಗ, ಸ್ಪ್ರಾಕೆಟ್ಟನ್ನ ಬೇರಿಂಗಿಂದ ದೂರ, ಶಾಫ್ಟಿನ ತುತ್ತತುದಿಗೆ ಹಾಕಿದಾಗ ಹೀಗಾಗುತ್ತೆ. ಕಾರಣ ಸರಿ ಮಾಡದೆ ಹೊಸದು ಹಾಕಿದರೆ ಅದೂ ಬಗ್ಗುತ್ತೆ.

ಸರಿ, ಹೋಗಿದೆ ಅಂತ ಖಾತ್ರಿ ಆಯ್ತು. ಅಂಗಡಿಗೆ ಹೋದ್ರಿ.

'ಕಾಕಾ, ಹೋಂಡಾ ಜಿಎಕ್ಸ್ ಕ್ರ್ಯಾಂಕ್ ಐತೇನ್ರಿ?'

'ಯಾವ್ದು ಬೇಕೋ ತಮ್ಮಾ? ನೂರಾ ಅರವತ್ತೋ, ಇನ್ನೂರೋ? ತುದಿ ಹೆಂಗೈತಿ?'

ಇಲ್ಲೇ ಹೆಚ್ಚಿನವರು ಸಿಕ್ಕಿ ಬೀಳೋದು. ಕೈಯಲ್ಲಿರೋದು ಎಂಜಿನ್ನಿನ ಫೋಟೋ ಒಂದೇ. ಜಿಎಕ್ಸ್ 160, ಜಿಎಕ್ಸ್ 200 ಎರಡೂ ಹೊರಗಿಂದ ಅಣ್ಣತಮ್ಮಂದಿರ ಹಾಗೆ ಕಾಣ್ತವೆ. ಎರಡರ ಬೋರ್ ಕೂಡ 68 ಮಿಮೀ. ಆದರೆ 160ರ ಸ್ಟ್ರೋಕ್, ಅಂದರೆ ಪಿಸ್ಟನ್ ಓಡೋ ದೂರ, 45 ಮಿಮೀ, 200ರದ್ದು 54. ಅದಕ್ಕೇ ಒಂದು 163 ಸಿಸಿ, ಇನ್ನೊಂದು 196 ಸಿಸಿ. ಸ್ಟ್ರೋಕ್ ಹುಟ್ಟೋದೇ ಕ್ರ್ಯಾಂಕಿನಿಂದ. ನಡುವಿನ ಅಕ್ಷದಿಂದ ಪಿನ್ ಎಷ್ಟು ದೂರ ಇದೆಯೋ ಅದರ ಎರಡರಷ್ಟು ಸ್ಟ್ರೋಕ್. 160ರಲ್ಲಿ ಆ ದೂರ 22.5 ಮಿಮೀ, 200ರಲ್ಲಿ 27. ಈಗ 160ರೊಳಗೆ 200ರ ಕ್ರ್ಯಾಂಕ್ ಕೂರಿಸಿದರೆ ಪಿಸ್ಟನ್ ನಾಲ್ಕೂವರೆ ಮಿಮೀ ಹೆಚ್ಚು ಮೇಲೆ ಬರುತ್ತೆ, ಅಷ್ಟೇ ಹೆಚ್ಚು ಕೆಳಗೂ ಹೋಗುತ್ತೆ. ಹಳೇ ರಾಡು, ಹಳೇ ಪಿಸ್ಟನ್ ಇಟ್ಟುಕೊಂಡರೆ ಅದು ಹೆಡ್ಡಿಗೆ ಬಡಿಯುತ್ತೆ. 'ಸಿಸಿ ಜಾಸ್ತಿ ಆಗುತ್ತಲ್ಲ ಬಿಡು' ಅಂತ ಖುಷಿ ಪಡೋರು ಇದ್ದಾರೆ. ಸ್ಪರ್ಧೆಗೆ ಹೋಗೋರು ಮೊದಲು ನಿಯಮದ ಪುಸ್ತಕ ತೆರೆದು ನೋಡಿ.

ಸ್ಟ್ರೋಕ್ ಅಳೆಯೋದು ಕಷ್ಟ ಅಲ್ಲ. ಹೆಡ್ ಬಿಚ್ಚಿ, ಪಿಸ್ಟನ್ ತೀರಾ ಮೇಲಿದ್ದಾಗ ಒಮ್ಮೆ, ತೀರಾ ಕೆಳಗಿದ್ದಾಗ ಒಮ್ಮೆ ವರ್ನಿಯರಿನ ಬಾಲದಿಂದ ಆಳ ನೋಡಿ. ಎರಡರ ವ್ಯತ್ಯಾಸವೇ ಸ್ಟ್ರೋಕ್. ಪ್ಲಗ್ಗಿನ ತೂತಿಗೆ ಕಡ್ಡಿ ಹಾಕಿ ಅಳೆಯಬೇಡಿ, ಆ ತೂತು ಓರೆಯಾಗಿರುತ್ತೆ, ಲೆಕ್ಕ ತಪ್ಪುತ್ತೆ.

ಇನ್ನು ತುದಿ. ನನ್ನ ಪ್ರಕಾರ ಹಣ ಪೋಲಾಗೋದು ಇಲ್ಲೇ ಹೆಚ್ಚು. ಒಂದೇ ಮಾಡೆಲ್ ಎಂಜಿನ್ನು ಪಂಪಿಗೆ ಬೇರೆ ತುದಿ, ಜನರೇಟರಿಗೆ ಬೇರೆ, ಬೆಲ್ಟ್-ಚೈನ್ ಕೆಲಸಕ್ಕೆ ಬೇರೆ ತುದಿ ಇಟ್ಟುಕೊಂಡು ಬರುತ್ತೆ. ಕಾರ್ಟಿನ ಸೆಂಟ್ರಿಫ್ಯೂಗಲ್ ಕ್ಲಚ್ಚಿಗೆ ಬೇಕಾಗಿರೋದು ಕೀ ಗಾಡಿ ಇರೋ, ನೇರವಾದ ದುಂಡು ಶಾಫ್ಟು. ಅದರಲ್ಲೂ ಎರಡು ಬಗೆ. ಹೋಂಡಾದವರು 'ಕ್ಯೂ' ಅನ್ನೋದು ಮುಕ್ಕಾಲು ಇಂಚು, ಅಂದರೆ 19.05 ಮಿಮೀ. 'ಎಸ್' ಅನ್ನೋದು 20 ಮಿಮೀ. ಕಣ್ಣಿಗೆ ಎರಡೂ ಒಂದೇ. ಮುಕ್ಕಾಲು ಇಂಚಿನ ಕ್ಲಚ್ 20ರ ಶಾಫ್ಟಿಗೆ ಏರೋದೇ ಇಲ್ಲ. 20ರ ಕ್ಲಚ್ಚನ್ನ ಮುಕ್ಕಾಲು ಇಂಚಿಗೆ ಹಾಕಿದರೆ ಏರುತ್ತೆ, ಆದರೆ ಅಲ್ಲಾಡುತ್ತಾ ಕೀ ತಿಂದು ಹಾಕುತ್ತೆ. ಎರಡನೇದೇ ಹೆಚ್ಚು ಅಪಾಯ, ಯಾಕಂದ್ರೆ ಮೊದಲ ದಿನ ಎಲ್ಲ ಸರಿ ಇದ್ದ ಹಾಗೇ ಕಾಣುತ್ತೆ.

ಖಾನಾಪುರ ಈ ಕಥೆಗೆ ಬರೋದು ಹೀಗೆ. ಹಳೇ ಪಂಪ್ ಎಂಜಿನ್ ಕಡಿಮೆ ಬೆಲೆಗೆ ಸಿಗುತ್ತೆ ಅಂತ ಹಳ್ಳಿ ಕಡೆ, ಇಲ್ಲಾ ನಮ್ಮಲ್ಲಿ ಭಂಗಾರ ಅನ್ನೋ ಗುಜರಿ ಅಂಗಡಿ ಕಡೆ ಟೀಮಿನವರು ಹುಡುಕ್ತಾ ಹೋಗ್ತಾರೆ. ಯೋಚನೆ ತಪ್ಪಲ್ಲ. ಆದರೆ ಇಂಪೆಲ್ಲರ್ ನೇರವಾಗಿ ತಿರುಪಿನ ಹಾಗೆ ಏರೋ ಪಂಪಾಗಿದ್ದರೆ ಅದರ ಶಾಫ್ಟ್ ತುದಿಯಲ್ಲಿ ಇರೋದು ಮರೆ, ಕೀ ಗಾಡಿ ಅಲ್ಲ. ಅದರ ಮೇಲೆ ಕ್ಲಚ್ ಕೂರಲ್ಲ. ಕಳೆ ತೆಗೆಯೋ ಪವರ್ ವೀಡರಿನ ಎಂಜಿನ್ ಸಿಕ್ಕರೆ ಅದೃಷ್ಟ ಖುಲಾಯಿಸಬಹುದು. ಅಲ್ಲೂ ಗೇರ್ ಡಬ್ಬಿ ಸೇರಿಸಿ ಬಂದ ಮಾದರಿಗಳಿವೆ, ಬಿಚ್ಚಿ ನೋಡಿಯೇ ಕೊಳ್ಳಿ. ಇನ್ನೊಂದು ಮಾತು, ಖಾನಾಪುರದ ಮಳೆ ನಿಮಗೆ ಗೊತ್ತಿದೆ. ಎರಡು ಮಳೆಗಾಲ ಕೊಟ್ಟಿಗೆ ಮೂಲೆಯಲ್ಲಿ ಎಣ್ಣೆಯಿಲ್ಲದೆ ಬಿದ್ದ ಎಂಜಿನ್ನಿನ ಕ್ರ್ಯಾಂಕಲ್ಲಿ ಬೇರಿಂಗ್ ಕೂರೋ ಜಾಗ, ಪಿನ್ನು ಎರಡೂ ತುಕ್ಕು ತಿಂದು ಗುಳಿ ಬಿದ್ದಿರುತ್ತೆ. ಉಗುರಲ್ಲಿ ಗೀರಿ ನೋಡಿ. ಉಗುರು ಸಿಕ್ಕಿಕೊಂಡರೆ ಬಿಟ್ಟುಬಿಡಿ.

ಇದೇ ಲೆಕ್ಕ ತಿರುವುಮುರುವಾಗಿ ರೈತನಿಗೂ ಅನ್ವಯ. ಪಂಪ್ ಎಂಜಿನ್ ನಿಂತಾಗ ಯಾರೋ ಕಾರ್ಟಿನ ಕ್ರ್ಯಾಂಕ್ ಕೊಟ್ಟರೆ ಇಂಪೆಲ್ಲರ್ ಕೂರಲ್ಲ, ಬೆಳೆ ಮಾತ್ರ ಒಣಗುತ್ತೆ.

ಉಳಿದ ಅಳತೆಗಳನ್ನ ಬೇಗ ಹೇಳಿ ಮುಗಿಸ್ತೀನಿ. ಬೇರಿಂಗ್ ಮೇಲೆ ಕೊರೆದಿರೋ ನಂಬರ್ ಬರೆದುಕೊಳ್ಳಿ. ಜಿಎಕ್ಸ್ 160ರಲ್ಲಿ ಸಾಮಾನ್ಯವಾಗಿ 6205. ಕೊನೆಯ 05ನ್ನ ಐದರಿಂದ ಗುಣಿಸಿದರೆ 25, ಅದೇ ಬೇರಿಂಗಿನ ಒಳ ಅಳತೆ, ಮಿಮೀಯಲ್ಲಿ. ಪಿನ್ನಿನ ದಪ್ಪವನ್ನ ಮೈಕ್ರೋಮೀಟರಲ್ಲಿ, ಎರಡು ದಿಕ್ಕಿಗೆ ಅಳೆಯಿರಿ. ಹೊಸದರಲ್ಲಿ ಅದು 29.98 ಮಿಮೀ, 29.92ಕ್ಕಿಂತ ಇಳಿದರೆ ಸವೆದಿದೆ ಅಂತ ಅರ್ಥ. ಎರಡು ದಿಕ್ಕಿನ ಅಳತೆ ಬೇರೆ ಬಂದರೆ ಮೊಟ್ಟೆಯಾಕಾರ ಆಗಿದೆ. ಟೈಮಿಂಗ್ ಗೇರಿನ ಹಲ್ಲು ಎಣಿಸಿ. ಕ್ಯಾಮ್ ಗೇರಿನಲ್ಲಿ ಅದರ ಎರಡರಷ್ಟು ಇರಬೇಕು. ಫ್ಲೈವೀಲ್ ಕಡೆಯ ಇಳಿಜಾರು ತುದಿಗೆ ನಿಮ್ಮ ಹಳೇ ಫ್ಲೈವೀಲನ್ನೇ ಕೂರಿಸಿ ನೋಡಿ.

ಚೀನಾ ಎಂಜಿನ್ ಇದ್ದವರು ಹೆಸರನ್ನೇ ಓದಬಹುದು. 168ಎಫ್ ಅಂದರೆ ಒಂದು ಸಿಲಿಂಡರ್, 68 ಮಿಮೀ ಬೋರ್, ಗಾಳಿಯಿಂದ ತಣ್ಣಗಾಗೋದು. 170ಎಫ್ ಅಂದರೆ 70 ಬೋರ್. ಗಮನಿಸಿ, ಈ ಹೆಸರಲ್ಲಿ ಸ್ಟ್ರೋಕ್ ಇಲ್ಲ! ಹಿಂದೆ ಅಂಟಿಸೋ 1, 2, ಬಿ ಅನ್ನೋ ಬಾಲಗಳನ್ನ ಎಲ್ಲ ಕಂಪನಿಯವರೂ ಒಂದೇ ಥರ ಬಳಸಲ್ಲ. ಹಾಗಾಗಿ ಹೆಸರು ನಂಬಬೇಡಿ, ಅಳತೆ ನಂಬಿ.

ಬೈಕ್ ಎಂಜಿನ್ ಹಾಕಿದ ಕಾರ್ಟಾದರೆ ಕಥೆ ಬೇರೆ. ಅಲ್ಲಿ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಭಾಗಗಳ ನಡುವೆ ಪಿನ್ನನ್ನ ಪ್ರೆಸ್ಸಲ್ಲಿ ಒತ್ತಿ ಕೂರಿಸಿರ್ತಾರೆ. ರಾಡ್ ಕಿಟ್ ಬದಲಾಯಿಸಿ ಮತ್ತೆ ಒತ್ತಿಸಬಹುದು. ಆದರೆ ಒತ್ತಿದ ಮೇಲೆ ಎರಡೂ ಬದಿ ಒಂದೇ ಅಕ್ಷದಲ್ಲಿದೆಯಾ ಅಂತ ಡಯಲ್ ಗೇಜಲ್ಲಿ ಮಿಲಿಮೀಟರಿನ ನೂರನೇ ಭಾಗಗಳವರೆಗೆ ನೋಡಬೇಕು. ಸುತ್ತಿಗೆಯಲ್ಲಿ ಬಡಿದು 'ಸರಿ ಆಯ್ತು' ಅನ್ನೋ ಅಂಗಡಿಯಿಂದ ಎದ್ದು ಬನ್ನಿ.

ಈಗ ಉದ್ಯಮಬಾಗ್ ಪ್ರಶ್ನೆ. 'ಇಷ್ಟೊಂದು ಮಷೀನ್ ಶಾಪ್ ಇರೋ ಊರು, ಒಂದು ಕ್ರ್ಯಾಂಕ್ ಮಾಡಿಸೋಕೆ ಆಗಲ್ವಾ?' ಅಂತ ಕೇಳ್ತೀರಿ. ಮಾಡೋಕೆ ಬರಲ್ಲ ಅಂತಲ್ಲ. ಕ್ರ್ಯಾಂಕಿಗೆ ಮೊದಲು ಅಚ್ಚು ಬೇಕು, ಎರಕವೋ ಫೋರ್ಜಿಂಗೋ ಆಗಬೇಕು, ಆಮೇಲೆ ಕಾಯಿಸಿ ಗಟ್ಟಿ ಮಾಡೋದು, ಗ್ರೈಂಡಿಂಗ್, ಸಮತೂಕ. ಸಾವಿರ ತುಂಡಿಗೆ ಹಂಚಿದರೆ ಖರ್ಚು ಕಡಿಮೆ. ಒಂದೇ ತುಂಡಿಗೆ ಅಂದರೆ ಹೊಸ ಎಂಜಿನ್ನೇ ಸಸ್ತಾ. ಅಲ್ಲಿ ನಿಜವಾಗಿ ಮಾಡಿಸಬಹುದಾದ ಕೆಲಸ ಪಿನ್ ಗ್ರೈಂಡಿಂಗ್. ಸವೆದ ಪಿನ್ನನ್ನ ಕಾಲು ಮಿಮೀ ಇಳಿಸಿ, 0.25 ಅಂಡರ್‌ಸೈಜ್ ರಾಡ್ ಹಾಕೋದು. ಮೊದಲು ಆ ರಾಡ್ ಕೈಗೆ ಬರಲಿ, ಆಮೇಲೆ ಗ್ರೈಂಡಿಂಗಿಗೆ ಕೊಡಿ. ಪಿನ್ನಿನ ಮೂಲೆಯಲ್ಲಿರೋ ಸಣ್ಣ ದುಂಡು ತಿರುವು ಹಾಗೇ ಉಳಿಯಬೇಕು ಅಂತ ಕೆಲಸದವರಿಗೆ ಬಾಯಿಬಿಟ್ಟು ಹೇಳಿ. ಅದನ್ನ ಚೂಪು ಮಾಡಿದರೆ ಬಿರುಕು ಶುರುವಾಗೋದು ಅಲ್ಲಿಂದಲೇ.

ವೆಲ್ಡಿಂಗ್ ಮಾತ್ರ ಬೇಡವೇ ಬೇಡ. ಮುರಿದ ಇಲ್ಲಾ ಬಗ್ಗಿದ ಕ್ರ್ಯಾಂಕನ್ನ ಬೆಸುಗೆ ಹಾಕಿ, ಲೇತಲ್ಲಿ ತಿರುವಿ ಹೊಳಪು ಕೊಟ್ಟರೆ ಹೊಸದರ ಹಾಗೇ ಕಾಣುತ್ತೆ. ಬೆಸುಗೆಯ ಬಿಸಿಗೆ ಅಕ್ಕಪಕ್ಕದ ಉಕ್ಕಿನ ಗುಣ ಬದಲಾಗಿರುತ್ತೆ, ಸೀಳು ಒಳಗೇ ಬೆಳೆಯುತ್ತೆ. ಪಂಪ್ ಎಂಜಿನ್ ಗದ್ದೆ ಬದಿಗೆ ಒಂಟಿಯಾಗಿ ಓಡುತ್ತೆ. ಕಾರ್ಟಿನ ಎಂಜಿನ್ ಇರೋದು ಸೀಟಿಂದ ಒಂದು ಮೊಳದಲ್ಲಿ, ಓಡಿಸೋರ ಬೆನ್ನ ಪಕ್ಕದಲ್ಲಿ. ಇದರ ಮೇಲೆ ಗವರ್ನರನ್ನೂ ಕಿತ್ತು ಹಾಕಿ, ನಿಮಿಷಕ್ಕೆ 3,600 ಸುತ್ತಿನ ಮಿತಿ ದಾಟಿಸಿದರೆ, ಅಲ್ಯೂಮಿನಿಯಂ ರಾಡು ಮುರಿದು ಕೇಸಿಂಗ್ ಒಡೆದು ಹೊರಗೆ ಬರಬಹುದು, ಎರಕದ ಫ್ಲೈವೀಲ್ ಸಿಡಿಯಲೂಬಹುದು.

ದುಡ್ಡಿನ ವಿಷಯದಲ್ಲಿ ನನ್ನ ಸಲಹೆ ಇಷ್ಟು: ಕ್ರ್ಯಾಂಕ್, ರಾಡ್, ಎರಡು ಬೇರಿಂಗ್, ಆಯಿಲ್ ಸೀಲ್, ಗ್ಯಾಸ್ಕೆಟ್ ಎಲ್ಲದರ ಬೆಲೆ ಒಂದೇ ಚೀಟಿಯಲ್ಲಿ ಬರೆದು ಕೂಡಿಸಿ. ಒಳ್ಳೆ ಕಂಪನಿಯ ಎಂಜಿನ್ನಿಗೆ ಆ ಖರ್ಚು ಮಾಡಬಹುದು. ಚೀನಾ ಎಂಜಿನ್ನಿಗೆ ಬಹಳ ಸಲ ಇಡೀ ಹೊಸ ಎಂಜಿನ್ ತರೋದೇ ಲೇಸು. ಅಂಗಡಿಗೆ ಹೋಗುವಾಗ ಎಂಜಿನ್ ಮೇಲೆ ಕೊರೆದ ಸೀರಿಯಲ್ ನಂಬರ್, ಟೈಪ್ ಕೋಡ್ ಎರಡರ ಫೋಟೋ ಇರಲಿ, ಹಳೇ ಕ್ರ್ಯಾಂಕೇ ಚೀಲದಲ್ಲಿದ್ದರೆ ಇನ್ನೂ ಒಳ್ಳೇದು. ಕೌಂಟರ್ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ವರ್ನಿಯರ್ ಹಿಡಿಯಿರಿ. ಹೊಸದಕ್ಕೆ ಎಣ್ಣೆ ಮುಟ್ಟಿಸೋ ಮುಂಚೆ ವಾಪಸ್ ಕೊಡೋದು ಸುಲಭ.

ಜೋಡಿಸುವಾಗ ಕ್ರ್ಯಾಂಕ್ ಗೇರಿನ ಗುರುತು, ಕ್ಯಾಮ್ ಗೇರಿನ ಗುರುತು ಎದುರುಬದುರು ಬರಲಿ. ಈ ಎಂಜಿನ್ನುಗಳಲ್ಲಿ ಆಯಿಲ್ ಪಂಪ್ ಇಲ್ಲ, ರಾಡಿನ ಕೆಳಗಿನ ಪುಟ್ಟ ಚಮಚವೇ ಎಣ್ಣೆ ಎರಚೋದು. ಹಾಗಾಗಿ ಎಂಜಿನ್ ಓರೆಯಾಗಿ ಕೂರಿಸಬೇಡಿ, ಜಿಎಕ್ಸ್ 160ಕ್ಕೆ 600 ಮಿಲಿಯಷ್ಟು ಎಣ್ಣೆ ಹಾಕಿ. ಪ್ಲಗ್ ತೆಗೆದು ಫ್ಲೈವೀಲನ್ನ ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ, ಯಾಕಂದ್ರೆ ಎರಡು ಸುತ್ತಿಗೇ ಕ್ಯಾಮ್ ಒಂದು ಸುತ್ತು ಮುಗಿಸೋದು. ಎಲ್ಲಾದರೂ ಟಕ್ ಅಂದರೆ, ಬಿಗಿಯಾದರೆ, ಹಗ್ಗ ಎಳೆಯಬೇಡಿ, ಮತ್ತೆ ಬಿಚ್ಚಿ.